ಆಟಕ್ಕೆ ಬಿದ್ದ ಅಂಕ

ಬೀದರಿನ ಕೋಟೆಯ ಮಣ್ಣನ್ನು ಬಿದರಿ ಕೆಲಸದವರು ನಾಲಗೆಯ ಮೇಲಿಟ್ಟು ಪರೀಕ್ಷಿಸುವರೆಂಬುದು ಪ್ರಸಿದ್ಧವಾದ ಸಂಗತಿ. ಸತು ಮತ್ತು ತಾಮ್ರಗಳನ್ನು ಬೆರಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿಯನ್ನು ಕೂಡಿಸಿದ ಮೇಲೆ, ನವಸಾಗರದೊಡನೆ ಆ ಮಣ್ಣನ್ನು ಕಲಸಿ ಪಾತ್ರೆಗೆ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಮಣ್ಣು ಸರಿಯಿಲ್ಲದಿದ್ದರೆ ಅಷ್ಟು ದಿನಗಳ ಶ್ರಮವೆಲ್ಲ ವ್ಯರ್ಥ. ಆದುದರಿಂದ ಕುಶಲಿಯು ಮೊದಲು ರುಚಿ ನೋಡುತ್ತಾನೆ, ಆಮೇಲೆ ಮಾತಾಡುತ್ತಾನೆ.

ಅದೇ ಊರಿನ ಎಷ್ಟೋ ಮನೆಗಳಲ್ಲಿ, ಬೇಸಿಗೆಯ ರಜೆ ಸಮೀಪಿಸಿದೊಡನೆ, ರುಚಿ ನೋಡದೆಯೇ ಕೊಳ್ಳಬೇಕಾದ ಒಂದು ವಸ್ತುವನ್ನು ಕುರಿತು ತಂದೆ ಮಕ್ಕಳಲ್ಲಿ ವಾಗ್ವಾದ ಆರಂಭವಾಗುತ್ತದೆ. ಆ ವಸ್ತು ವಿಡಿಯೋ ಗೇಮು.

“ಅಪ್ಪಾ, ಈ ಆಟಕ್ಕ ನೂರಕ್ಕ ತೊಂಬತ್ತಾರು ಬಂದದ!”

“ಅದಿರ್ಲಿ. ನಿನಗ ಗಣಿತದಾಗ ಎಷ್ಟ್ ಬಂದಾವ, ಅದು ಮೊದಲ ಹೇಳು.”

ವಾದ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಹುಡುಗನ ಮಾತಿನಲ್ಲಿ ಒಂದು ಪ್ರಶ್ನೆ ಅಡಗಿದೆ. ಆಟಕ್ಕೆ ಅಂಕ ಕೊಡುವವರು ಯಾರು? ಅವರ ಮಾತನ್ನು ನಂಬಿ ಹಣ ತೆರಬಹುದೆ? ಪ್ರಶ್ನೆ ಅಲ್ಪವಾದುದಲ್ಲ. 2020ರಲ್ಲಿ ‘ಪ್ಲೇಸ್ಟೇಷನ್ 5’ ಎಂಬ ಯಂತ್ರ ಬಂದಾಗ ಅದರ ಹೊಸ ದೊಡ್ಡ ಆಟಗಳ ಬೆಲೆ ನಮ್ಮ ದೇಶದಲ್ಲಿ 4,999 ರೂಪಾಯಿಗಳವರೆಗೆ ಇದ್ದಿತು. ಯಂತ್ರದ ಬೆಲೆ ಬೇರೆ. ಸಂಬಳದ ಮೇಲೆ ಬದುಕುವ ಮನೆಯಲ್ಲಿ ಇದು ವರ್ಷಕ್ಕೊಮ್ಮೆ ಮಾಡಬಹುದಾದ ಸಾಹಸ. ಸೀರೆಯಂಗಡಿಯಲ್ಲಿ ಸೆರಗು ಹಿಡಿದು ನೋಡಬಹುದು. ಮಾವಿನಹಣ್ಣನ್ನು ಮೂಸಿ ನೋಡಬಹುದು. ಮುಚ್ಚಿದ ಡಬ್ಬಿಯಲ್ಲಿರುವ ಆಟವನ್ನು ಹೇಗೆ ನೋಡುವುದು?

1990ರ ದಶಕದಲ್ಲಿ ಈ ತೊಡಕು ಇಷ್ಟು ತೀವ್ರವಾಗಿರಲಿಲ್ಲ. ಟೀವಿಗೆ ತಂತಿ ಜೋಡಿಸಿ ಆಡುವ, ಜಪಾನೀ ಯಂತ್ರದ ಅನುಕರಣೆಯಾದ ಅಗ್ಗದ ಪೆಟ್ಟಿಗೆಗಳು ಆಗ ಭಾರತದ ಪೇಟೆಗಳಿಗೆ ಬಂದವು. ಅವುಗಳ ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ತೆರೆದು ನೋಡಿದರೆ ಹತ್ತಾರು ಆಟಗಳೇ ಬೇರೆಬೇರೆ ಹೆಸರಿನಿಂದ ಮರಳಿಮರಳಿ ಬರುತ್ತಿದ್ದವು. ‘ಮಾರಿಯೋ’, ‘ಕಾಂಟ್ರಾ’ಗಳಿಗೆ ವಿಮರ್ಶಕರ ಶಿಫಾರಸು ಬೇಕಾಗಿರಲಿಲ್ಲ. ಕ್ಯಾಸೆಟ್ಟಿಗೆ ಬಾಯಿಂದ ಗಾಳಿ ಊದಿ ಮತ್ತೆ ಸಿಕ್ಕಿಸಿದಾಗ ಚಿತ್ರ ಮೂಡಿತೆಂದರೆ ಆಟ ಒಳ್ಳೆಯದು!

ಅಂಕ ಕೊಡುವ ಪದ್ಧತಿ ಅದಕ್ಕೂ ಹಿಂದಿನದು. ಜಪಾನಿನಲ್ಲಿ 1986ರಲ್ಲಿ ಆರಂಭವಾದ ‘ಫ್ಯಾಮಿಟ್ಸು’ ಎಂಬ ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ಒಂದೊಂದು ಆಟಕ್ಕೆ ಹತ್ತರಂತೆ ಅಂಕವಿತ್ತು, ಒಟ್ಟು 40ಕ್ಕೆ ಲೆಕ್ಕ ಹಾಕುವ ರೂಢಿ ಬೆಳೆಯಿತು. ಅಲ್ಲಿ ಮೊತ್ತಮೊದಲಿಗೆ ಪೂರ್ತಿ 40 ಅಂಕ ಗಳಿಸಿದ್ದು 1998ರ ‘ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’. ಹನ್ನೆರಡು ವರ್ಷ ಒಂದು ಆಟಕ್ಕೂ ಪೂರ್ಣಾಂಕ ಕೊಡದ ಆ ಬಿಗಿ ಕೈಯನ್ನು ನಮ್ಮ ವಿಶ್ವವಿದ್ಯಾಲಯಗಳ ಹಳೆಯ ಪರೀಕ್ಷಕರು ಮೆಚ್ಚಿಕೊಂಡಾರು. ಅಮೆರಿಕದಲ್ಲಿ 2001ರಿಂದ ‘ಮೆಟಾಕ್ರಿಟಿಕ್’ ಎಂಬ ಸಂಸ್ಥೆ ಹತ್ತಾರು ವಿಮರ್ಶಕರ ಅಂಕಗಳನ್ನು ಕೂಡಿಸಿ, ನೂರಕ್ಕೆ ಇಷ್ಟೆಂದು ಒಂದೇ ಸಂಖ್ಯೆಯಾಗಿ ಇಳಿಸಲಾರಂಭಿಸಿತು. ಬೀದರಿನ ಹುಡುಗ ಹೇಳುವ ತೊಂಬತ್ತಾರು ಈ ಬಗೆಯ ಸಂಖ್ಯೆ.

ಈ ಸಂಖ್ಯೆಯ ಬಲವೆಷ್ಟೆಂಬುದಕ್ಕೆ ಒಂದು ನಿದರ್ಶನವುಂಟು. 2010ರಲ್ಲಿ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟ ಹೊರಬಂದಿತು. ಅದನ್ನು ರಚಿಸಿದ ಅಬ್ಸಿಡಿಯನ್ ಎಂಬ ತಂಡಕ್ಕೂ ಪ್ರಕಾಶಕರಿಗೂ ಒಂದು ಕರಾರಾಗಿತ್ತು: ಮೆಟಾಕ್ರಿಟಿಕ್ ಅಂಕ 85 ಮುಟ್ಟಿದರೆ ರಚಿಸಿದವರಿಗೆ ಅಧಿಕ ಪ್ರತಿಫಲ. ಬಂದದ್ದು 84. ಪ್ರತಿಫಲ ಕೈತಪ್ಪಿತು. ಎಲ್ಲಿಯೋ ಒಬ್ಬ ವಿಮರ್ಶಕ ಬೇಸರದ ಮಧ್ಯಾಹ್ನದಲ್ಲಿ ಅರ್ಧ ಅಂಕ ಕಡಿಮೆ ಕೊಟ್ಟನೆಂದು ಇಟ್ಟುಕೊಳ್ಳಿ. ಅದರ ಪೆಟ್ಟು ಎಷ್ಟೋ ಸಂಸಾರಗಳಿಗೆ ತಗಲಿತೆಂದಾಯಿತು. 2012ರಲ್ಲಿ ಈ ಸಂಗತಿ ಹೊರಬಿದ್ದಾಗ ದೊಡ್ಡ ಚರ್ಚೆಯೇ ನಡೆಯಿತು.

ವಿಮರ್ಶಕನ ಸ್ಥಿತಿಯಾದರೂ ಸುಖದ್ದೆ? 2007ರಲ್ಲಿ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ ‘ಗೇಮ್‌ಸ್ಪಾಟ್’ನ ಜೆಫ್ ಗರ್ಸ್ಟ್‌ಮನ್ ಹತ್ತಕ್ಕೆ ಆರು ಅಂಕ ಕೊಟ್ಟ. ಅದೇ ಆಟದ ಭಾರಿ ಜಾಹೀರಾತು ಅಲ್ಲಿಯೇ ರಾರಾಜಿಸುತ್ತಿತ್ತು. ಸ್ವಲ್ಪ ದಿನಗಳಲ್ಲಿಯೇ ಆತನ ಕೆಲಸ ಹೋಯಿತು. ಒತ್ತಡದ ಸಂಗತಿಯನ್ನು ಅವನೇ 2012ರಲ್ಲಿ ಬಹಿರಂಗವಾಗಿ ಹೇಳಿದ. ಆರು ಅಂಕವೆಂದರೆ ನಮ್ಮಲ್ಲಿ ಪ್ರಥಮ ದರ್ಜೆ! ಆಟದ ಲೋಕದಲ್ಲಿ ಮಾತ್ರ ಎಪ್ಪತ್ತಕ್ಕಿಂತ ಕೆಳಗೆ ಬಿದ್ದುದನ್ನು ಬಹು ಮಂದಿ ಅನುತ್ತೀರ್ಣವೆಂದೇ ಭಾವಿಸುತ್ತಾರೆ.

ನಿಜವಾಗಿ ಅನುತ್ತೀರ್ಣವಾದ ಆಟಗಳ ಕಥೆಗಳು ಉತ್ತೀರ್ಣವಾದವುಗಳ ಕಥೆಗಳಿಗಿಂತ ಸ್ವಾರಸ್ಯವಾಗಿವೆ. 1982ರಲ್ಲಿ ‘ಇ.ಟಿ.’ ಎಂಬ ಚಲನಚಿತ್ರ ಜಗತ್ತನ್ನೇ ಗೆದ್ದಾಗ, ಅಟಾರಿ ಕಂಪೆನಿ ಅದರ ಹೆಸರಿನಲ್ಲಿ ಒಂದು ಆಟವನ್ನು ಕ್ರಿಸ್‌ಮಸ್ ವೇಳೆಗೆ ತರಬೇಕೆಂದು ಹಟ ತೊಟ್ಟಿತು. ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಸಮರ್ಥನಿಗೆ ಸಿಕ್ಕಿದ ಅವಧಿ ಐದೇ ವಾರ. ಆಟದಲ್ಲಿ ಪಾಪ, ಆ ಅನ್ಯಲೋಕದ ಜೀವಿ ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತದೆ, ಪ್ರಯಾಸಪಟ್ಟು ಏಳುತ್ತದೆ, ಮತ್ತೆ ಬೀಳುತ್ತದೆ. ಕೊಂಡ ಮಕ್ಕಳು ಅತ್ತರು. ಕೊಳ್ಳದೆ ಉಳಿದ ಕ್ಯಾಸೆಟ್ಟುಗಳ ರಾಶಿಯನ್ನು ಇತರ ಸರಕುಗಳೊಡನೆ 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಊರಿನ ತಿಪ್ಪೆಯಲ್ಲಿ ಹೂತರು. ಇದು ಕಟ್ಟುಕಥೆಯೆಂದು ಎಷ್ಟೋ ವರ್ಷ ಜನ ನಂಬಿದ್ದರು. 2014ರಲ್ಲಿ ಅಗೆದು ನೋಡಿದಾಗ ಮಣ್ಣಿನಿಂದ ‘ಇ.ಟಿ.’ ಎದ್ದುಬಂದಿತು! ಗುಂಡಿಗೆ ಬೀಳುವುದೇ ಅದರ ಜಾತಕವೆನ್ನಬೇಕು. ಆ ವರ್ಷ ಅಮೆರಿಕದ ಆಟದ ವ್ಯಾಪಾರವೇ ಕುಸಿದುದಕ್ಕೆ ಇದೊಂದೇ ಕಾರಣವಲ್ಲ. ಕಳಪೆ ಆಟಗಳ ಪ್ರವಾಹವೇ ಅಂಗಡಿಗಳಿಗೆ ನುಗ್ಗಿತ್ತು. 1999ರ ‘ಸೂಪರ್‌ಮ್ಯಾನ್’ ಆಟವೂ ಇದೇ ಸಾಲಿನದು. ಜಗತ್ತನ್ನು ಕಾಯುವ ವೀರ ಅಲ್ಲಿ ಮಂಜು ಕವಿದ ನಗರದಲ್ಲಿ ಬಳೆಗಳೊಳಗಿಂದ ನುಸುಳುವುದರಲ್ಲಿಯೇ ಕಾಲ ಕಳೆಯುತ್ತಾನೆ.

ಕೆಲವೊಮ್ಮೆ ವಿಮರ್ಶಕರು ಸತ್ಯವನ್ನೇ ಹೇಳಿದರೂ ಕೊಂಡವನು ಮೋಸಹೋಗುವುದುಂಟು. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಿಡುಗಡೆಯಾಗುವ ಮುನ್ನ ವಿಮರ್ಶಕರ ಕೈಗೆ ಬಂದದ್ದು ಕಂಪ್ಯೂಟರಿನ ಪ್ರತಿ ಮಾತ್ರ. ಅವರು ಹೊಗಳಿದರು. ಮನೆಯಲ್ಲಿ ಹಳೆಯ ಪ್ಲೇಸ್ಟೇಷನ್ ಇಟ್ಟುಕೊಂಡವರು ಆ ಹೊಗಳಿಕೆಯನ್ನು ನಂಬಿ ಕೊಂಡರು. ಅವರ ಯಂತ್ರದಲ್ಲಿ ಆಟ ತಡವರಿಸಿತು, ನಡುವೆಯೇ ನಿಂತಿತು. ಸೋನಿ ಕಂಪೆನಿ ಅದನ್ನು ತನ್ನ ಮಳಿಗೆಯಿಂದಲೇ ತೆಗೆದುಹಾಕಿ ಹಣ ಹಿಂದಿರುಗಿಸುವುದಾಗಿ ಸಾರಬೇಕಾಯಿತು. 2021ರ ಜೂನಿನವರೆಗೆ ಅದು ಅಲ್ಲಿ ಮರಳಿ ಕಾಣಲಿಲ್ಲ. ಹೊಸ ಯಂತ್ರವನ್ನು ಕೊಳ್ಳಲಾರದವನಿಗೆ ಈ ಪ್ರಸಂಗ ಕಲಿಸಿದ ಪಾಠ ದುಬಾರಿಯದು: ತೀರ್ಪನ್ನು ಓದುವಾಗ, ಯಾವ ಯಂತ್ರದಲ್ಲಿ ಆಡಿ ಬರೆದದ್ದೆಂಬುದನ್ನು ಮೊದಲು ನೋಡಬೇಕು.

ಬೀದರಿಗೆ ಹತ್ತಿರದ ಮಹಾನಗರ ಹೈದರಾಬಾದು. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದ ಅಂಗವಾಗಿಯೇ ಇದ್ದಿತು. ಇಂದಿಗೂ ವ್ಯಾಪಾರಕ್ಕೆ, ವೈದ್ಯಕ್ಕೆ ಜನ ಅತ್ತಲೇ ಹೋಗುತ್ತಾರೆ. ಆ ಹೈದರಾಬಾದಿನಲ್ಲಿಯೇ 2009ರಲ್ಲಿ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟ ಸಿದ್ಧವಾಯಿತು. ಸೋನಿಯ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಭಾರತದಲ್ಲಿಯೇ ರಚಿಸಿದ ಮೊದಲ ಆಟವೆಂದು ಇದಕ್ಕೆ ಹೆಸರು ಬಂದಿತು. ಹನುಮಂತನನ್ನು ಗುಂಡಿಗಳೊತ್ತಿ ಕುಣಿಸುವುದು ಸಲ್ಲದೆಂದು ವಿದೇಶದ ಕೆಲವು ಹಿಂದೂ ಮುಖಂಡರು ಆಕ್ಷೇಪವೆತ್ತಿದರು. ಆಟದ ರಸಿಕರ ಆಕ್ಷೇಪ ಬೇರೆ: ಭಕ್ತಿಯ ಮಾತಿರಲಿ, ಜಿಗಿತವೇ ಸರಿಯಿಲ್ಲ! ಸಮುದ್ರವನ್ನು ಲಂಘಿಸಿದವನ ಆಟದಲ್ಲಿ ಜಿಗಿತ ಕೆಟ್ಟರೆ ಉಳಿದುದೇನು? ಅದೇ ಊರಿನ ಮತ್ತೊಂದು ತಂಡ ‘ದೇಸಿ ಅಡ್ಡಾ’ ಎಂಬ ಹೆಸರಿನಲ್ಲಿ ಕಬಡ್ಡಿ, ಗಿಲ್ಲಿದಾಂಡು, ಗಾಳಿಪಟಗಳನ್ನು ಪರದೆಗೆ ತಂದಿತು. ಔರಾದಿನ ಬಯಲಿನಲ್ಲಿ ಪುಕ್ಕಟೆಯಾಗಿ ಸಿಕ್ಕುವುದನ್ನು ದುಡ್ಡು ಕೊಟ್ಟು ಕೊಳ್ಳುವುದೇಕೆಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ಹನ್ನೊಂದು ವರ್ಷಗಳ ಬಳಿಕ ಪುಣೆಯ ತಂಡವೊಂದು ‘ರಾಜಿ’ ಎಂಬ ಆಟವನ್ನು 2020ರಲ್ಲಿ ಹೊರತಂದಿತು. ಅಸುರರು ಒಯ್ದ ತಮ್ಮನನ್ನು ಅರಸಿ ಹೊರಟ ಹುಡುಗಿಯ ಕಥೆ ಅದು. ಜನರಿಂದ ಮುಂಗಡ ವಂತಿಗೆ ಎತ್ತುವ ಪ್ರಯತ್ನ 2017ರಲ್ಲಿ ವಿಫಲವಾದರೂ ಅವರು ಕೈಬಿಡಲಿಲ್ಲ. ಕಥೆಯ ಭಾಗಗಳು ನೆರಳುಗೊಂಬೆಗಳ ರೂಪದಲ್ಲಿ ಮೂಡುತ್ತವೆ. ನಮ್ಮ ತೊಗಲುಗೊಂಬೆಯಾಟ ಕಂಡವರಿಗೆ ಅದು ತವರಿನ ನೆನಪು ತಂದೀತು. ವಿಮರ್ಶಕರ ತೀರ್ಪು ಇಲ್ಲಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಚಿತ್ರ, ಶಿಲ್ಪ, ಸಂಗೀತಗಳಿಗೆ ತಲೆದೂಗಿದರು. ಕಾಳಗದಲ್ಲಿ ನಯವಿಲ್ಲವೆಂದರು, ಕಥೆ ಥಟ್ಟನೆ ಮುಗಿಯಿತೆಂದರು. ಸ್ವದೇಶಿಯೆಂದು ದೋಷ ಮುಚ್ಚಲಿಲ್ಲ. ಚೊಚ್ಚಲ ಕೃತಿಯೆಂದು ಗುಣ ಮರೆಯಲಿಲ್ಲ. ಒಂದು ಕೃತಿಗೆ ಇದಕ್ಕಿಂತ ಹೆಚ್ಚಿನ ಗೌರವ ಯಾವುದು?

ಇಂಥ ತೀರ್ಪುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಹುಟ್ಟುತ್ತವೆ. ಹುಡುಗ ಅಂಕವನ್ನು ಮಾತ್ರ ಹಿಡಿದುಕೊಂಡು ಬರುತ್ತಾನೆ. ಕಾರಣಗಳು ಆ ಭಾಷೆಯಲ್ಲಿಯೇ ಉಳಿದುಬಿಡುತ್ತವೆ. ತಂದೆಗಾದರೋ ಸಂಖ್ಯೆಯಿಂದ ಏನೂ ತಿಳಿಯದು. ರಕ್ತಪಾತ ಎಷ್ಟು, ಮಗಳು ಜೊತೆಗೆ ಕುಳಿತು ಆಡಬಹುದೆ, ಎಂಟು ದಿನದಲ್ಲಿ ಮುಗಿಯುವುದೋ ವರ್ಷ ಬಾಳುವುದೋ, ಇವು ಆತನ ಪ್ರಶ್ನೆಗಳು. ರಕ್ತಪಾತದ ಮಾತಿಗೆ ಡಬ್ಬಿಯ ಮೇಲೆ ಅಚ್ಚಾಗಿರುವ ವಯಸ್ಸಿನ ಗುರುತು ಕೊಂಚ ಉತ್ತರ ಕೊಡುತ್ತದೆ. ಉಳಿದುದಕ್ಕೆ ಪಕ್ಕದ ಮನೆಯ ಹುಡುಗನೇ ಗತಿ.

ಹಾಗೆ ನೋಡಿದರೆ ಭಾಲ್ಕಿ ಔರಾದುಗಳ ಹುಡುಗರಲ್ಲಿ ವಿಮರ್ಶೆಯ ಪರಿಭಾಷೆ ಇಲ್ಲದೆ ಇಲ್ಲ. “ಏಕದಮ್ ಛಲೋ ಅದ” ಎಂದರೆ ತೊಂಬತ್ತರ ಮೇಲೆ. “ನೋಡ್ಲಾಕ ಛಂದ, ಆಡ್ಲಾಕ ಬ್ಯಾಸರ” ಎಂಬಲ್ಲಿ ಇಂಗ್ಲಿಷಿನ ಎರಡು ಪುಟ ಅಡಗಿದೆ. “ಬೇಕಾರ ಅದ” ಎಂದಮೇಲೆ ಮೇಲ್ಮನವಿಯಿಲ್ಲ. ಹಳೆಯ ಡಿಸ್ಕೊಂದನ್ನು ನಾಲ್ವರು ಕೂಡಿ ಕೊಂಡು ಮನೆಯಿಂದ ಮನೆಗೆ, ಒಮ್ಮೊಮ್ಮೆ ಊರಿನಿಂದ ಊರಿಗೂ, ಬಸ್ಸಿನಲ್ಲಿ ಕಳಿಸಿಕೊಡುವುದುಂಟು. ಭಾಲ್ಕಿಯಿಂದ ಹೋದ ಡಿಸ್ಕು ಎರಡೇ ದಿನಕ್ಕೆ ಹಿಂದಿರುಗಿತೆಂದರೆ ಕಾರಣವನ್ನು ಯಾರೂ ಕೇಳುವುದಿಲ್ಲ. ತಿಂಗಳಾದರೂ ಬರದೆ, ಕೇಳಿದಾಗಲೆಲ್ಲ “ಅಣ್ಣ ಊರಾಗ ಇಲ್ರೀ, ನಾಳಿಗಿ ಕಳಿಸ್ತೀನಿ” ಎಂಬ ಉತ್ತರವೇ ಬರುತ್ತಿದ್ದರೆ, ಕೇಳಿದವನು ನಕ್ಕು ಫೋನು ಕೆಳಗಿಡುತ್ತಾನೆ.