ಹಳದೀಪುರದ ಹಂಚು, ಬಲ್ಮಠದ ಗುಡ್ಡ

ಹಳದೀಪುರದಿಂದ ದಕ್ಷಿಣಕ್ಕೆ ಹೊರಡುವ ಕಾರುಗಳಿಗೆ ಸಾಮಾನ್ಯವಾಗಿ ಎರಡೇ ಗುರಿ. ಕೊಲ್ಲೂರು, ಕಟೀಲು, ಧರ್ಮಸ್ಥಳದ ದೇವರು ಒಂದು. ಮಣಿಪಾಲ, ಮಂಗಳೂರಿನ ಆಸ್ಪತ್ರೆ ಇನ್ನೊಂದು. ದೊಡ್ಡ ಆಸ್ಪತ್ರೆ ನಮ್ಮಲ್ಲೇ ಬೇಕೆಂದು ಉತ್ತರ ಕನ್ನಡದ ಜನ ಕೇಳುತ್ತಲೇ ಬಂದಿದ್ದಾರೆ, ಹಾಗಾಗಿ ಇಲ್ಲಿನವರ ಪಾಲಿಗೆ ಈ ಹೆದ್ದಾರಿಯೆಂದರೆ ಆತಂಕದ ನೆನಪುಗಳೇ ಹೆಚ್ಚು. ಹರಕೆಯೂ ಇಲ್ಲದೆ ಕಾಯಿಲೆಯೂ ಇಲ್ಲದೆ ಗಂಡ ಹೆಂಡತಿ ಇಬ್ಬರೇ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮರಳುವ ತಿರುಗಾಟ ಈಗೀಗ ರೂಢಿಗೆ ಬರುತ್ತಿದೆ. ಒಳ್ಳೆಯ ರೂಢಿ. ಆದರೆ ಹಾಗೆ ಮಂಗಳೂರಿಗೆ ಹೋದವರು ಪಣಂಬೂರಿನ ಕಡಲತೀರ, ಒಂದು ಮಾಲು, ಒಂದು ಐಸ್‌ಕ್ರೀಮ್ ಅಂಗಡಿ ನೋಡಿಕೊಂಡು ಹಿಂದಿರುಗುತ್ತಾರೆ. ಅವರು ಒಂದು ಪೂರ್ತಿ ದಿನವನ್ನು ಬಲ್ಮಠದ ಗುಡ್ಡಕ್ಕೆ, ಅಂದರೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ನೆಲೆನಿಂತ ಜಾಗಕ್ಕೆ ಕೊಡಬೇಕು ಎಂಬುದು ಈ ಬರಹದ ವಾದ. ನಮ್ಮ ಮನೆಯ ಮಾಡು ಮತ್ತು ನಾವು ಓದುವ ಪತ್ರಿಕೆ, ಎರಡರ ಚರಿತ್ರೆಯೂ ಅಲ್ಲಿಂದ ಹಾದು ಬಂದಿದೆ.

ಮಾಡಿನಿಂದಲೇ ನೋಡೋಣ. ಹೊನ್ನಾವರದ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಡಿಕೆ ಸೋಗೆಯ ಮಾಡನ್ನು ಮಳೆಗಾಲಕ್ಕೆ ಮುಂಚೆ ಮತ್ತೆ ಹೊದಿಸಲೇಬೇಕಿತ್ತು; ನಾಡಹಂಚಿನ ಮಾಡಿನಲ್ಲಿ ಮಂಗನೋ ಬೆಕ್ಕೋ ಓಡಾಡಿದರೆ ಹಂಚು ಸರಿದು ಸೋರುತ್ತಿತ್ತು. ಈ ಕಷ್ಟವನ್ನು ಕಳೆದದ್ದು ಮಂಗಳೂರು ಹಂಚು. ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಮೇಲ್ಮೈಯಲ್ಲಿ ನೀರು ಇಳಿಯಲು ತಗ್ಗುಗಳು, ಅಂಚಿನಲ್ಲಿ ಪಕ್ಕದ ಹಂಚು ಕೂರಲು ಕಚ್ಚು, ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಸುವ ಗುಬ್ಬಿ. ಒಂದರ ಅಂಚು ಇನ್ನೊಂದರ ಅಂಚನ್ನು ಹಿಡಿದಿರುವುದರಿಂದ ಗಾಳಿಮಳೆಗೆ ಅದು ಸುಲಭವಾಗಿ ಜಗ್ಗುವುದಿಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಈ ಹಂಚಿನ ಕಾರ್ಖಾನೆ ತೆರೆದ. ಹೊಳೆಬದಿಯ ಜೇಡಿಮಣ್ಣು ಮತ್ತು ಬೇಯಿಸಲು ಕಟ್ಟಿಗೆ ಹತ್ತಿರದಲ್ಲೇ ಸಿಗುತ್ತಿದ್ದವು, ಸಾಗಿಸಲು ಕಡಲಿತ್ತು. ಮುಂದೆ ಮಲ್ಪೆಯಲ್ಲೂ ಕೇರಳದ ಕೆಲವು ಊರುಗಳಲ್ಲೂ ಮಿಷನ್ನಿನ ಕಾರ್ಖಾನೆಗಳೆದ್ದವು, ಇತರ ಉದ್ಯಮಿಗಳೂ ಅದೇ ಮಾದರಿಯನ್ನು ಹಿಡಿದರು. ಹಾಗಾಗಿ ನಮ್ಮೂರಿನ ಹಂಚುಗಳೆಲ್ಲ ಜೆಪ್ಪುವಿನಲ್ಲೇ ಬೆಂದವು ಎನ್ನಲಾಗದು. ಮಾದರಿ ಮಾತ್ರ ಅಲ್ಲಿಯದು.

ಧರ್ಮ ಸಾರಲು ಬಂದವರು ಹಂಚು ಸುಡಲು ಕೂತದ್ದೇಕೆ? ಮಿಷನ್ನಿನ ಇಡೀ ಕಥೆ ಈ ಪ್ರಶ್ನೆಯೊಳಗಿದೆ. ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದರ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ಕೆಲಸ ಮಾಡಲು 1833ರ ಕಾಯ್ದೆ ದಾರಿ ತೆರೆದ ಮೇಲೆ, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಮಾತು ಕೇಳಿ ಮತ ಬದಲಿಸಿದವರಿಗೆ ಜಾತಿ ಬಿಟ್ಟುಹೋಯಿತು, ಜಾತಿಯ ಜೊತೆಗೆ ಕಸುಬೂ ಹೋಯಿತು. ದಕ್ಷಿಣ ಕನ್ನಡದಲ್ಲಿ ಸೇರಿದವರಲ್ಲಿ ಬಿಲ್ಲವರು ಹೆಚ್ಚು; ಅವರ ಕಸುಬಾದ ಮೂರ್ತೆಗಾರಿಕೆಯನ್ನು, ಅಂದರೆ ಶೇಂದಿ ಇಳಿಸುವುದನ್ನು, ಮಿಷನ್ ಒಪ್ಪುತ್ತಿರಲಿಲ್ಲ. ಹೊಟ್ಟೆಪಾಡಿಗೆ ಬೇರೆ ದಾರಿ ಬೇಕಾಯಿತು. ಅಚ್ಚುಕೂಟ, ನೇಯ್ಗೆ, ಹಂಚು ಒಂದೊಂದಾಗಿ ಬಂದದ್ದು ಹಾಗೆ. ಖಾಕಿ ಬಟ್ಟೆ ಬಲ್ಮಠದ ಮಗ್ಗದಲ್ಲೇ ಹುಟ್ಟಿತು ಎಂದು ಮಂಗಳೂರಿನಲ್ಲಿ ಅಭಿಮಾನದಿಂದ ಹೇಳುತ್ತಾರೆ. ಮಿಷನ್ನಿನ ಹಾಲರ್ ಇಲ್ಲಿ ಆ ಬಣ್ಣ ಕಟ್ಟುವ ಮೊದಲೇ, 1840ರ ದಶಕದಲ್ಲಿ, ವಾಯವ್ಯ ಗಡಿಯ ಪಡೆಯೊಂದು ಖಾಕಿ ತೊಟ್ಟಿತ್ತು. ಆದ್ದರಿಂದ ಆ ಹೆಮ್ಮೆಯನ್ನು ಸ್ವಲ್ಪ ಹಿಡಿತದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅಚ್ಚಿನ ವಿಷಯದಲ್ಲಿ ಅಂಥ ಹಿಡಿತ ಬೇಕಿಲ್ಲ. 1836ರಲ್ಲಿ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ. ಅದು ಕನ್ನಡದ ಮೊದಲ ಪತ್ರಿಕೆ. ಕರ್ನಾಟಕ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಅದರ ನೆನಪಿಗೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪುಟ್ಟ ಪತ್ರಿಕೆಯಲ್ಲಿ ಊರಿನ ಸುದ್ದಿ, ಸರ್ಕಾರದ ಆದೇಶ, ದಾಸರ ಪದ ಎಲ್ಲವೂ ಇದ್ದವು. ಅದು ಕಲ್ಲಚ್ಚಿನ ಪತ್ರಿಕೆ. ಬರಹಗಾರ ಜಿಡ್ಡಿನ ಶಾಯಿಯಿಂದ ಬರೆದ ಅಕ್ಷರ ಕಲ್ಲಿನ ಮೇಲೆ ಮೂಡಬೇಕು. ಕಲ್ಲಿಗೆ ನೀರು ಹಚ್ಚಿದರೆ ಖಾಲಿ ಜಾಗ ನೀರನ್ನು ಹಿಡಿಯುತ್ತದೆ, ಜಿಡ್ಡಿದ್ದ ಅಕ್ಷರ ಮಾತ್ರ ಮಸಿಯನ್ನು ಹಿಡಿಯುತ್ತದೆ. ಹೀಗಾಗಿ ಆ ಪುಟಗಳಲ್ಲಿ ಇಂದಿಗೂ ಕಾಣುವುದು ಒಬ್ಬ ಮನುಷ್ಯನ ಕೈಬರಹ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮೋಗ್ಲಿಂಗ್ ಮುಂದೆ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ ಮುಂತಾದವನ್ನು ಅಚ್ಚಿಗೆ ತಂದ. ಮಿಷನ್ನಿನ ಇನ್ನೊಬ್ಬ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ ಮಹಾನಿಘಂಟು 1894ರಲ್ಲಿ ಪ್ರಕಟವಾದದ್ದೂ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ. ಅದರಲ್ಲಿ ಸುಮಾರು 70,000 ಪದಗಳಿವೆ.

ಇದು ಮಂಗಳೂರಿನವರ ಚರಿತ್ರೆ, ಹಳದೀಪುರದವರಿಗೇನು ಎಂದು ಯಾರಾದರೂ ಕೇಳಬಹುದು. ಮೂವರು ಪಾದ್ರಿಗಳು ಬಂದಿಳಿದಾಗ ಉತ್ತರ, ದಕ್ಷಿಣವೆಂಬ ಭೇದ ಇರಲಿಲ್ಲ. ಮದ್ರಾಸು ಪ್ರಾಂತ್ಯದ ಕೆನರಾ ಒಂದೇ ಜಿಲ್ಲೆ, ಅದರ ಕೇಂದ್ರ ಮಂಗಳೂರು. ಹೊನ್ನಾವರ, ಕುಮಟಾಗಳು ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು 1862ರಲ್ಲಿ. ಮೊದಲ ಕನ್ನಡ ಪತ್ರಿಕೆ ಹೊರಬಂದಾಗ ಹಳದೀಪುರದ ಜಿಲ್ಲಾ ಕೇಂದ್ರ ಆ ಪತ್ರಿಕೆಯ ಊರೇ ಆಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮತಾಂತರಕ್ಕೆಂದೇ ಬಂದವರ ಸ್ಥಳವನ್ನು ಹೆಮ್ಮೆಯಿಂದ ನೋಡಲು ಹೋಗುವುದೇ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಕ್ರೈಸ್ತ ದೀಕ್ಷೆ ಪಡೆದಾಗ ಮಂಗಳೂರಿನಲ್ಲಿ ಕೋಲಾಹಲವೆದ್ದಿತು. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಸಾರಸ್ವತ ಕುಟುಂಬಗಳಿರುವ ಹಳದೀಪುರಕ್ಕೆ, ಅಂಥ ಮನೆಯವರ ಸಂಕಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಿಷನ್ನಿನ ಉದ್ದೇಶ ಧರ್ಮಪ್ರಚಾರವೇ ಆಗಿತ್ತು, ಅವರು ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಹಂಚನ್ನು ಹೊದಿಸಿಕೊಂಡವರು ಎಲ್ಲ ಜಾತಿ ಮತದವರು. ಕಿಟ್ಟೆಲ್ ನಿಘಂಟನ್ನು ತೆರೆಯುವ ವಿದ್ವಾಂಸನ ಮತವನ್ನು ಯಾರೂ ಕೇಳುವುದಿಲ್ಲ. ಆ ಕುಟುಂಬಗಳ ಸಂಕಟ, ಜಾತಿಯ ಏಣಿಯ ಕೆಳಗಿದ್ದವರಿಗೆ ಸಿಕ್ಕ ಕೂಲಿ ಮತ್ತು ಶಾಲೆ ಎರಡೂ ನಡೆದದ್ದು ಒಂದೇ ಗುಡ್ಡದ ಮೇಲೆ. ಎರಡನ್ನೂ ತಿಳಿಯಬೇಕಾದರೆ ಅಲ್ಲಿಗೆ ಹೋಗಬೇಕು. ಹೋದವರು ಕೈಮುಗಿಯಲೇಬೇಕೆಂದೇನಿಲ್ಲ.

ಕನ್ನಡವನ್ನು ಬದುಕಿಸಲು ಜರ್ಮನರು ಬರಬೇಕಿತ್ತೇ ಎಂದು ಕೇಳುವವರದೂ ನ್ಯಾಯವಾದ ಮಾತು. ಜೈಮಿನಿ ಭಾರತ ಅಚ್ಚಿಗೆ ಮುಂಚೆಯೇ ಗಮಕಿಗಳ ಕಂಠದಲ್ಲಿ, ಓಲೆಗರಿಯಲ್ಲಿ ಚೆನ್ನಾಗಿಯೇ ಬದುಕಿತ್ತು. ಓಲೆ ಹುಡುಕಿಕೊಟ್ಟವರು, ಅರ್ಥ ಬಿಡಿಸಿದವರು ಇಲ್ಲಿನ ಪಂಡಿತರು. ಅವರಲ್ಲಿ ಹೆಚ್ಚಿನವರ ಹೆಸರು ಜನಕ್ಕೆ ಗೊತ್ತಿಲ್ಲ. ಕಿಟ್ಟೆಲ್ ಅವರಿಗೆ ಬೆಂಗಳೂರಿನಲ್ಲಿ ಪ್ರತಿಮೆ ಇದೆ, ಈ ಪಂಡಿತರಿಗೆ ಇಲ್ಲ. ಇದು ಅನ್ಯಾಯ. ಈ ಲೋಪವನ್ನು ತುಂಬಲು ಬೇಕಾದ ಕಾಗದಗಳು ಮಾತ್ರ ಬಲ್ಮಠದಂಥ ಸಂಗ್ರಹಗಳಲ್ಲೇ ಇವೆ.

ಕೊನೆಗೆ ಉಳಿಯುವುದು, ಅಲ್ಲಿ ನೋಡಲು ಏನಿದೆ ಎಂಬ ಮಾತು. ಮಂಗಳೂರಿನಲ್ಲೇ ಇರುವ ಜೆಸ್ವಿಟರ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ ಬಿಡಿಸಿದ ಚಿತ್ರಗಳು ಗೋಡೆ ತುಂಬ ಇವೆ. ಪ್ರವಾಸಿಗರು ಅಲ್ಲಿಗೆ ತಪ್ಪದೆ ಹೋಗುತ್ತಾರೆ, ಹೋಗಬೇಕು ಕೂಡ. ಬಾಸೆಲ್ ಮಿಷನ್ನಿನದು ಪ್ರೊಟೆಸ್ಟೆಂಟ್ ಸರಳತೆ, ಕಣ್ಣಿಗೆ ಹಬ್ಬವಿಲ್ಲ. ಶಾಂತಿ ಕೆಥೆಡ್ರಲ್, ಮರಗಳ ನಡುವಿನ ಹಳೆಯ ಕಟ್ಟಡಗಳು, ಕರ್ನಾಟಕ ಥಿಯಾಲಜಿಕಲ್ ಕಾಲೇಜು, ಅದರ ಪತ್ರಾಗಾರ, ಇಷ್ಟೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದರು. ಈಗ ಕಾಂಕ್ರೀಟು, ಶೀಟುಗಳ ಕಾಲದಲ್ಲಿ ಹಂಚಿನ ಕಾರ್ಖಾನೆಗಳ ಚಿಮಣಿಗಳೂ ಕಡಿಮೆಯಾಗುತ್ತಿವೆ. ಓದಿಕೊಂಡು ಹೋದವರಿಗೆ ಮಾತ್ರ ಈ ಜಾಗ ಮಾತಾಡುತ್ತದೆ. ಹಾಗಾಗಿಯೇ ಇದು ಮಕ್ಕಳುಮರಿ ತುಂಬಿದ ವ್ಯಾನಿಗಿಂತ, ಒಬ್ಬರು ಓದಿದ್ದನ್ನು ಇನ್ನೊಬ್ಬರಿಗೆ ಹೇಳುತ್ತ ನಿಧಾನವಾಗಿ ನಡೆಯಬಲ್ಲ ಇಬ್ಬರಿಗೆ ಹೊಂದುವ ಪ್ರವಾಸ.

ಹಳದೀಪುರದಿಂದ ಮಂಗಳೂರು ಸುಮಾರು 190 ಕಿ.ಮೀ., ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಾಲ್ಕು ಗಂಟೆಯ ದಾರಿ. ಹೊನ್ನಾವರದಿಂದ ಕೊಂಕಣ ರೈಲೂ ಇದೆ. ಕಾರಿನಲ್ಲಾದರೆ ಉಡುಪಿಯಲ್ಲಿ, 1923ರಲ್ಲಿ ಶುರುವಾದ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯ ಮುಂದೆ ಒಂದು ಗಳಿಗೆ ನಿಲ್ಲಬಹುದು. ಅದೂ ಇದೇ ಮಿಷನ್ನಿನ ಕೊಡುಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ದೀಪಾವಳಿ ಕಳೆದ ಮೇಲೆ ಹೊರಡಿ. ಭಾನುವಾರ ಬೆಳಿಗ್ಗೆ ಕೆಥೆಡ್ರಲಿನಲ್ಲಿ ಆರಾಧನೆ ಇರುತ್ತದೆ, ಆದ್ದರಿಂದ ಬಲ್ಮಠಕ್ಕೆ ಶನಿವಾರವನ್ನೇ ಇಟ್ಟುಕೊಳ್ಳಿ. ಪತ್ರಾಗಾರ ನೋಡುವ ಆಸೆಯಿದ್ದರೆ ಕಾಲೇಜಿಗೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ.