ಓದು-ಬರಹದ ಮೂಲೆಗಳು: ಮಾಡುವುದು ಹೇಗೆ? ನಡೆಸುವುದು ಹೇಗೆ?

ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತ್ತು ಸಂಜೆ ಪಾಠ ಹೇಳಿಕೊಡುವ ಕಾರ್ಯಕರ್ತರಿಗೆ

ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಮನೆಮಾತು ತೆಲುಗು. ಶಿಡ್ಲಘಟ್ಟದಲ್ಲಿ ಉರ್ದು ಮಾತಾಡುವ ಮನೆಗಳೂ ಬಹಳ. ಶಾಲೆಗೆ ಬಂದರೆ ಪುಸ್ತಕ ಮಾತ್ರ ಕನ್ನಡದ್ದು. ಇಂಥ ಮಗು ಎಲ್ಲರ ಜೊತೆ ರಾಗವಾಗಿ ಪಾಠ ಒಪ್ಪಿಸುತ್ತದೆ, ಬೋರ್ಡು ನೋಡಿ ಅಂದವಾಗಿ ಬರೆದುಕೊಳ್ಳುತ್ತದೆ. ಒಂಟಿಯಾಗಿ ನಿಲ್ಲಿಸಿ ಓದು ಅಂದರೆ ಬಾಯಿ ಬಿಡೋದಿಲ್ಲ. ಮೂವತ್ತು ಮಕ್ಕಳ ನಡುವೆ ಇದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನಾಲ್ಕನೇ ತರಗತಿಯಲ್ಲಿ ಗೊತ್ತಾಗುವಷ್ಟರಲ್ಲಿ ಗಣಿತ, ಪರಿಸರ ಪಾಠಗಳೂ ಕೈತಪ್ಪಿರುತ್ತವೆ.

ಆ ಮಗುವಿಗೆ ಬೇಕಾದದ್ದು ಶಿಕ್ಷಕರು ಪಕ್ಕದಲ್ಲಿ ಕೂತು ಓದಿಸುವ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಮಿಕ್ಕ ಮಕ್ಕಳು ಏನು ಮಾಡಬೇಕು? ಅದಕ್ಕೇ ಓದು-ಬರಹದ ಮೂಲೆಗಳು.

ಇದು ನಮಗೆ ಹೊಸದಲ್ಲ

ಚಿಂತಾಮಣಿಯಿಂದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿ ರಿಷಿ ವ್ಯಾಲಿ ಸಂಸ್ಥೆಯಿದೆ. ಅದರ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಆ ಪದ್ಧತಿಯಿಂದ ಪ್ರೇರಣೆ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಆರಂಭವಾಯಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ವಿಸ್ತರಿಸಿತು. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಸ್ವಲ್ಪ ನೆರವು ಸಾಕಾದವರು, ಗೆಳೆಯರ ಪೂರ್ಣ ನೆರವಿನಿಂದ ಕಲಿಯುವವರು, ಗೆಳೆಯರ ಸ್ವಲ್ಪ ನೆರವು ಸಾಕಾದವರು, ತಾವೇ ಕಲಿಯುವವರು ಎಂದು ಅಲ್ಲಿ ಮಕ್ಕಳನ್ನು ಗುಂಪು ಮಾಡುತ್ತಾರೆ. ಯಾರಿಗೆ ಎಷ್ಟು ನೆರವು ಬೇಕು ಎಂಬುದೇ ಲೆಕ್ಕ. ಮೂಲೆಗಳಿಗೂ ಇದೇ ತತ್ವ.

ನಾಲ್ಕು ಮೂಲೆಗಳು

1. ಶಿಕ್ಷಕರ ಚಾಪೆ: ಏಳೆಂಟು ಮಕ್ಕಳು ಶಿಕ್ಷಕರ ಎದುರು ಕೂತು ಒಬ್ಬೊಬ್ಬರಾಗಿ ಓದುತ್ತಾರೆ. ಇದೇ ಮುಖ್ಯ ಮೂಲೆ.

2. ಅಕ್ಷರ-ಪದದ ಮೂಲೆ: ರಟ್ಟಿನ ಅಕ್ಷರ ಚೀಟಿ, ಹುಣಸೆ ಬೀಜ, ಮರಳು ತುಂಬಿದ ತಟ್ಟೆ. ನಲಿ-ಕಲಿಯಲ್ಲಿ ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಅಕ್ಷರಗಳಿಂದ ಶುರು ಮಾಡುತ್ತಾರೆ. ಯಾಕೆ ಗೊತ್ತೇ? ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ದಸರ, ಗರಗಸ ಎಂದು ಓದಿಬಿಡುತ್ತದೆ. ಓದು ಬಂತು ಅನ್ನೋ ಧೈರ್ಯ ಮೊದಲ ವಾರಗಳಲ್ಲೇ ಸಿಗಬೇಕು.

3. ಬರೆಯುವ ಮೂಲೆ: ಒಂದು ಬದಿ ಖಾಲಿ ಇರುವ ಹಳೆಯ ಕಾಗದ, ಸ್ಲೇಟು. ಬರೀ ನಕಲು ಬೇಡ. ರೇಷ್ಮೆ ಗೂಡು, ಹಿಪ್ಪುನೇರಳೆ ಸೊಪ್ಪು, ಟೊಮ್ಯಾಟೊ ಚಿತ್ರ ಬಿಡಿಸಿ ಹೆಸರು ಬರೆಯಲಿ. ಬಲ್ಲವರು ಎರಡು ವಾಕ್ಯ ಬರೆಯಲಿ.

4. ಪುಸ್ತಕದ ಮೂಲೆ: ಹಗ್ಗ ಕಟ್ಟಿ ಕಥೆ ಪುಸ್ತಕಗಳನ್ನು ಮಕ್ಕಳ ಕೈಗೆಟುಕುವಂತೆ ನೇತುಹಾಕಿ. ಲಗ್ನಪತ್ರಿಕೆ, ಬಿಸ್ಕತ್ತು ಪೊಟ್ಟಣ, ಬಸ್ ಬೋರ್ಡಿನ ಊರ ಹೆಸರು ಬರೆದ ಚೀಟಿ ಇವೂ ಓದುವ ಸಾಮಗ್ರಿಯೇ. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದಿಂದ ಯಾರಿಗೂ ಓದು ಬಂದಿಲ್ಲ.

ನಡೆಸುವ ಕ್ರಮ

• ನಾಲ್ಕನ್ನೂ ಒಂದೇ ದಿನ ತೆರೆಯಬೇಡಿ. ವಾರಕ್ಕೊಂದು ಮೂಲೆ ಸಾಕು. ಆ ವಾರ ಇಡೀ ತರಗತಿಗೆ ಅಲ್ಲಿಯ ಕೆಲಸ ಮಾಡಿ ತೋರಿಸಿ: ಸಾಮಾನು ಎಲ್ಲಿಂದ ತಗೋಬೇಕು, ಎಲ್ಲಿಡಬೇಕು, ಮುಗಿದ ಮೇಲೆ ಏನು ಮಾಡಬೇಕು.

• 28 ಮಕ್ಕಳಿದ್ದರೆ ಏಳು ಜನರ ನಾಲ್ಕು ಗುಂಪು. ಒಂದು ಮೂಲೆಗೆ 20 ನಿಮಿಷ. ದಿನಕ್ಕೆ ಎರಡು ಮೂಲೆಯಾದರೆ 40 ನಿಮಿಷ. ಎರಡು ದಿನಕ್ಕೆ ಒಂದು ಸುತ್ತು.

• “ಮಿಸ್, ಆಯ್ತು, ಮುಂದೇನು?” ಅಂತ ಮಕ್ಕಳು ಎದ್ದು ಬರುತ್ತಿದ್ದರೆ ಆ ಮೂಲೆಯ ಕೆಲಸ ಅವರಿಗೆ ಸರಿಯಾಗಿ ತಿಳಿದಿಲ್ಲ ಎಂದರ್ಥ. ಗದರಬೇಡಿ, ಮತ್ತೊಮ್ಮೆ ಮಾಡಿ ತೋರಿಸಿ. ಪ್ರತಿ ಗುಂಪಿಗೆ ಒಬ್ಬ ನಾಯಕ ಅಥವಾ ನಾಯಕಿ ಇರಲಿ. ಅನುಮಾನ ಬಂದರೆ ಮೊದಲು ಅವರನ್ನು ಕೇಳಲಿ.

• ಗುಂಪುಗಳನ್ನು ತಿಂಗಳಿಗೊಮ್ಮೆಯಾದರೂ ಬದಲಿಸಿ. ‘ದಡ್ಡರ ಗುಂಪು’ ಎಂಬ ಹೆಸರು ಅಂಟಿದರೆ ಕಳಚುವುದು ಕಷ್ಟ.

• ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ. ಚಾಪೆಯ ಮೇಲೆ ಏನು ಓದಿತು, ಎಲ್ಲಿ ತಡವರಿಸಿತು ಎಂದು ಒಂದೇ ಸಾಲು ಬರೆಯಿರಿ.

ಮನೆಮಾತು ಅಡ್ಡಿಯಲ್ಲ

ತೆಲುಗು ಮಾತಾಡಿದ್ದಕ್ಕೆ ಮಗುವನ್ನು ಸುಮ್ಮನಾಗಿಸಬೇಡಿ. ಪಾಲು-ಹಾಲು, ಪಾಮು-ಹಾವು, ಪುಲಿ-ಹುಲಿ ಎಂದು ಜೋಡಿ ಮಾಡಿ ಚೀಟಿ ಬರೆದು ಅಕ್ಷರ ಮೂಲೆಯಲ್ಲಿಡಿ. ತೆಲುಗಿನ ‘ಪ’ ಎಷ್ಟೋ ಕಡೆ ಕನ್ನಡದಲ್ಲಿ ‘ಹ’ ಆಗುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಉರ್ದು ಮಾತಾಡುವ ಮಗುವಿಗೆ ಚಿತ್ರದ ಚೀಟಿ ಹೆಚ್ಚು ಬೇಕು. ಗುಂಪಿನಲ್ಲಿ ಎರಡೂ ಭಾಷೆ ಬಲ್ಲ ಗೆಳತಿಯೊಬ್ಬಳಿದ್ದರೆ ಇನ್ನೂ ಒಳ್ಳೆಯದು.

ತಾಯಂದಿರೇ, ಸಂಘದ ಸದಸ್ಯರೇ, ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ರಾತ್ರಿ ಊಟಕ್ಕೆ ಮುಂಚೆ “ಇವತ್ತು ಏನು ಓದಿದೆ? ಓದು, ಕೇಳ್ತೀನಿ” ಅನ್ನಿ. ಮಗು ಪುಸ್ತಕ ನೋಡಿ ಓದುತ್ತಿದೆಯೋ, ಬಾಯಿಪಾಠ ಹೇಳುತ್ತಿದೆಯೋ ತಿಳಿಯಬೇಕಾದರೆ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ಮಗುವಿಗೆ ಹೇಳಲಾಗದಿದ್ದರೆ ಬೈಯಬೇಡಿ. ಮಾರನೆಯ ದಿನ ಶಿಕ್ಷಕರಿಗೆ ತಿಳಿಸಿ. ಮರುದಿನ ಚಾಪೆಯ ಮೇಲೆ ಮೊದಲು ಕೂರಬೇಕಾದ ಮಗು ಅದೇ.