ತಲೆಪಟ್ಟಿ ಹಿಗ್ಗುವುದು ಹೇಗೆ?

ಪ್ರಶ್ನೆ: ಚಳಿಗೆ ಕಟ್ಟುವ ಕ್ರೋಶಾ ತಲೆಪಟ್ಟಿಯಲ್ಲಿ ಸಾಲುಸಾಲಾಗಿ ಗೆರೆಗಳು ಎದ್ದಿರುತ್ತವೆ, ಎಳೆದರೆ ಹಿಗ್ಗುತ್ತದೆ. ಒಳಗೆ ಎಲಾಸ್ಟಿಕ್ ಇರುತ್ತದೆಯೇ?

ಉತ್ತರ: ಇಲ್ಲ, ಅದೆಲ್ಲ ಕಡ್ಡಿ ತೂರಿಸುವ ಜಾಗದ ಚಮತ್ಕಾರ. ಹೆಣೆದ ಸಾಲನ್ನು ಮೇಲಿಂದ ನೋಡಿ: ಪ್ರತಿ ಹೊಲಿಗೆಯ ನೆತ್ತಿಯಲ್ಲೂ ಎರಡು ಎಳೆಗಳಿದ್ದು, ಸಾಲು ಜಡೆಯಂತೆ ಕಾಣುತ್ತದೆ. ಸಾಮಾನ್ಯವಾಗಿ ಕಡ್ಡಿಯನ್ನು ಎರಡೂ ಎಳೆಗಳ ಅಡಿಗೆ ತೂರಿಸುತ್ತೇವೆ. ಹೆಣಿಗೆ ಸಪಾಟಾಗಿ ಬರುತ್ತದೆ. ಹಿಂದಿನ ಎಳೆಗೆ ಮಾತ್ರ ತೂರಿಸಿದರೆ ಮುಂದಿನದು ಬಿಡುವಾಗಿ ಉಳಿದು ಗೆರೆಯಾಗುತ್ತದೆ. ಪ್ರತಿ ಸಾಲಿಗೂ ಹೆಣಿಗೆಯನ್ನು ತಿರುಗಿಸುವುದರಿಂದ ಗೆರೆ ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಬೀಳುತ್ತದೆ. ಪಟ್ಟಿ ಹಾರ್ಮೋನಿಯಂ ತಿದಿಯಂತೆ ನಿರಿಗೆಗಟ್ಟುತ್ತದೆ. ಎಳೆದರೆ ಬಿಚ್ಚುತ್ತದೆ, ಬಿಟ್ಟರೆ ಕೂಡುತ್ತದೆ.

ಮಾಡಿ ನೋಡುವಿರಾ? ದಪ್ಪ ಉಲ್ಲನ್, 6 ಮಿ.ಮೀ. ಕಡ್ಡಿ ಸಾಕು. 13 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಶುರುಮಾಡಿ 12 ಸಿಂಗಲ್ ಕ್ರೋಶಾ ಹೆಣೆಯಿರಿ. ಆಮೇಲೆ ಪ್ರತಿ ಸಾಲಿಗೂ ಒಂದು ಚೈನ್ ಹಾಕಿ ತಿರುಗಿಸಿ, ಹಿಂದಿನ ಎಳೆಯಲ್ಲಷ್ಟೇ ಹೆಣೆಯುತ್ತ ಹೋಗಿ. ಪಟ್ಟಿಯ ಉದ್ದ ತಲೆಯ ಸುತ್ತಳತೆಗಿಂತ 5 ಸೆಂ.ಮೀ. ಕಡಿಮೆ ಇರುವಾಗಲೇ ನಿಲ್ಲಿಸಿ, ತುದಿಗಳನ್ನು ಸೇರಿಸಿ ಹೊಲಿಯಿರಿ. ಸರಿಯಳತೆಗೇ ಹೆಣೆದರೆ ಕಿವಿ ಮುಚ್ಚಬೇಕಾದದ್ದು ಜಾರಿ ಕೊರಳಿಗೆ ಬಿದ್ದೀತು!